ಶೇಕಡಾ 7 ಎಲ್ಲಿ ಹೋಯ್ತು?

ಇವತ್ತು ಚಿತ್ರದುರ್ಗದ ಹತ್ತಿರ ಇಂಗಳದಾಳು ಕಡೆ ಹೋಗಿದ್ದೆ. ತಾಮ್ರದ ಗಣಿಗೆ ಹೆಸರಾಗಿದ್ದ ಊರು. ಆದರೆ ಅಲ್ಲಿ ನನಗೆ ನೆನಪಾಗಿದ್ದು ಜರ್ಮನಿಯ ಒಂದು ಕಲ್ಲು, ಆರ್ಗಿರೊಡೈಟ್.

1885ರಲ್ಲಿ ಫ್ರೈಬರ್ಗ್ ಹತ್ತಿರದ ಬೆಳ್ಳಿ ಗಣಿಯಲ್ಲಿ ಸಿಕ್ಕ ಅಪರೂಪದ ಖನಿಜ ಇದು. ಮುಕ್ಕಾಲು ಪಾಲು ಬೆಳ್ಳಿಯೇ. ನೋಡೋಕೆ ಮಾತ್ರ ಉಕ್ಕಿನ ಬೂದು ಬಣ್ಣ, ಸ್ವಲ್ಪ ಕೆಂಪು ಛಾಯೆ. ಕೈಯಲ್ಲಿ ಹಿಡಿದರೆ ಭಾರ, ಆದರೆ ಮೆತ್ತಗಿನ ಕಲ್ಲು. ತಾಮ್ರದ ಕಾಸಿನಿಂದಲೂ ಗೀಚಬಹುದು.

ಕ್ಲೆಮೆನ್ಸ್ ವಿಂಕ್ಲರ್ ಎಂಬ ರಸಾಯನ ವಿಜ್ಞಾನಿ ಅದರೊಳಗೆ ಏನೇನಿದೆ ಅಂತ ಲೆಕ್ಕ ಹಾಕಿದರು. ಬೆಳ್ಳಿ, ಗಂಧಕ, ಚೂರುಪಾರು ಬೇರೆ ಎಲ್ಲ ಕೂಡಿದರೂ ಶೇಕಡಾ 7ರಷ್ಟು ಕಮ್ಮಿ. ಮತ್ತೆ ಮಾಡಿದರೂ ಅಷ್ಟೇ. ದಾವಣಗೆರೆಯ ನಮ್ಮ ಮಾವನ ಮಂಡಿಯಲ್ಲಾಗಿದ್ದರೆ ಮೊದಲು ಗುಮಾಸ್ತರ ಮೇಲೆ ಅನುಮಾನ ಬರುತ್ತಿತ್ತು! ವಿಂಕ್ಲರ್ ಬಿಡದೆ ಕೂತು, 1886ರ ಫೆಬ್ರವರಿಯಲ್ಲಿ ಹೊಸ ಧಾತುವನ್ನೇ ಹಿಡಿದರು. ಅದೇ ಜರ್ಮೇನಿಯಂ. ಮುಂದೆ 1947ರಲ್ಲಿ ಮೊದಲ ಟ್ರಾನ್ಸಿಸ್ಟರ್ (ರೇಡಿಯೊ, ಕಂಪ್ಯೂಟರ್ ಒಳಗಿನ ಪುಟ್ಟ ಬಿಡಿಭಾಗ) ಮಾಡಿದ್ದೂ ಇದರಿಂದಲೇ.

ಮಜಾ ಅಂದ್ರೆ, ಇಂಥದ್ದೊಂದು ಧಾತು ಇರಲೇಬೇಕು, ಪರಮಾಣು ತೂಕ ಸುಮಾರು 72 ಅಂತ ರಷ್ಯಾದ ರಸಾಯನ ವಿಜ್ಞಾನಿ ಮೆಂಡಲೀವ್ 1871ರಲ್ಲೇ ಹೇಳಿದ್ದರು. ಈಗಿನ ಲೆಕ್ಕ 72.6. ಆದರೂ ನನಗೆ ವಿಂಕ್ಲರ್ ಮೇಲೇ ಜಾಸ್ತಿ ಪ್ರೀತಿ. ತಕ್ಕಡಿ ಸರಿ ಇಲ್ಲ ಅಂತ ಸುಮ್ನೆ ಕೈ ತೊಳೆದುಕೊಳ್ಳಬಹುದಿತ್ತು, ಅಲ್ವಾ?