ಪೋರ್ಟ್ಸ್‌ಮತ್ ಕಾರಿಗೆ ಉದ್ಯಮಬಾಗದ ಮ್ಯಾಗ್ನೆಟ್

ಈ ಸಲ ಗಣಪತಿ ಹಬ್ಬಕ್ಕೆ ಬೆಳಗಾವಿಗೆ ಬಂದಾಗ ನನ್ನ ಸೂಟ್‌ಕೇಸಿನಲ್ಲಿ ಚಾಕಲೇಟಿಗಿಂತ ಜಾಸ್ತಿ ಜಾಗ ತಿಂದದ್ದು ಒಂದು ಹಳೇ ಆಟಿಕೆ ಡಬ್ಬಿ. ಅವ್ವ ಮುಚ್ಚಳ ತೆಗೆದು ನೋಡಿ, "ಇದನ್ನ ಹೊತ್ಕೊಂಡು ಬರಾಕ ವಿಮಾನ ಹತ್ತಿದ್ಯಾ?" ಅಂದಳು.

ನಾನಿರುವುದು ಇಂಗ್ಲೆಂಡಿನ ದಕ್ಷಿಣದ ಪೋರ್ಟ್ಸ್‌ಮತ್‌ನಲ್ಲಿ. ಅಲ್ಲಿ ಭಾನುವಾರ ಬೆಳಿಗ್ಗೆ ಜನ ಮೈದಾನಕ್ಕೆ ಬಂದು, ಕಾರಿನ ಡಿಕ್ಕಿ ತೆರೆದಿಟ್ಟು ಮನೆಯ ಹಳೇ ಸಾಮಾನು ಮಾರುತ್ತಾರೆ. ನಮ್ಮ ಸಂತೆಯ ಹಾಗೇ, ಕೂಗಾಟ ಒಂದಿಲ್ಲ. ಚೌಕಾಶಿ ಮಾತ್ರ ನಡೆಯುತ್ತದೆ. ಇಪ್ಪತ್ತು ಪೌಂಡು ಅಂದವನನ್ನು ಹದಿನೈದಕ್ಕೆ ಇಳಿಸಿ ತಂದ ಡಬ್ಬಿ ಇದು. ಒಳಗೆ 1960ರ ದಶಕದ ಎರಡು ಮಿನಿ ಕೂಪರ್ ಕಾರು, ಕಪ್ಪು ಟ್ರ್ಯಾಕಿನ ತುಂಡುಗಳು, ಒಂದು ಟ್ರಾನ್ಸ್‌ಫಾರ್ಮರ್.

ಇದು ಹುಟ್ಟಿದ್ದು ನಮ್ಮ ಪಕ್ಕದೂರು ಹ್ಯಾವಂಟ್‌ನಲ್ಲೇ. ಫ್ರೆಡ್ ಫ್ರಾನ್ಸಿಸ್ ಎಂಬಾತ ಸ್ಪ್ರಿಂಗಿನ ಬಲದಿಂದ ಓಡುವ ಸ್ಕೇಲೆಕ್ಸ್ ಎಂಬ ತಗಡಿನ ಕಾರು ಮಾಡುತ್ತಿದ್ದ. 1957ರಲ್ಲಿ ಅದಕ್ಕೆ ಎಲೆಕ್ಟ್ರಿಕ್ ಮೋಟಾರು ಕೂಡಿಸಿದ, ಹೆಸರೂ ಕೂಡಿಕೊಂಡು ಸ್ಕೇಲೆಕ್ಸ್‌ಟ್ರಿಕ್ ಆಯಿತು. ಟ್ರ್ಯಾಕಿನಲ್ಲಿ ಒಂದು ಸೀಳು, ಅದರ ಎರಡೂ ಬದಿಗೆ ಉಕ್ಕಿನ ಪಟ್ಟಿ. ಕಾರಿನ ಕೆಳಗಿನ ನಾಲಿಗೆ ಸೀಳಿನಲ್ಲಿ ಕೂರುತ್ತದೆ. ಪಕ್ಕದಲ್ಲಿರುವ ತಾಮ್ರದ ಎಳೆಗಳ ಜಡೆ ಪಟ್ಟಿಯಿಂದ 12 ವೋಲ್ಟ್ ಕರೆಂಟು ಎಳೆದುಕೊಳ್ಳುತ್ತದೆ. ಸ್ಟೀರಿಂಗ್ ಇಲ್ಲ. ವೇಗ ಒಂದೇ ನಿಮ್ಮ ಕೈಯಲ್ಲಿ.

ಅದೇ ತೊಂದರೆ. ಮಿನಿ ಗಿಡ್ಡ ಕಾರು, ಉದ್ದಕ್ಕೆ ಹೋಲಿಸಿದರೆ ಎತ್ತರ ಜಾಸ್ತಿ. ಪಡಸಾಲೆಯಲ್ಲಿ ಟ್ರ್ಯಾಕ್ ಹಾಸಿ ಮಕ್ಕಳ ಕೈಗೆ ಕೊಟ್ಟೆ. ಅವರು ಬಟನ್ ಪೂರ್ತಿ ಒತ್ತಿದರು. ಮೊದಲನೇ ತಿರುವಿಗೇ ಒಂದು ಕಾರು ಹಾರಿ ಕುಂದಾ ತಟ್ಟೆಗೆ ಬಿತ್ತು. ಇನ್ನೊಂದು ಗಣಪತಿ ಮಂಟಪದ ಕಡೆ ಹೊರಟಿತ್ತು, ಅವ್ವ ಕಾಲಿನಲ್ಲಿ ತಡೆದಳು. ಹತ್ತು ನಿಮಿಷಕ್ಕೆ ಮಕ್ಕಳು ಮೊಬೈಲಿಗೆ ವಾಪಸ್.

ಆಗ ಬಂದವರು ಕಾಕಾ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಮೂವತ್ತು ವರ್ಷ ಲೇಥ್ ಮೇಲೆ ನಿಂತವರು. ಈಗಿನ ಇಂಥ ಕಾರುಗಳಿಗೆ ತಳದಲ್ಲಿ ಮ್ಯಾಗ್ನೆಟ್ ಇರುತ್ತದೆ, ಅದು ಉಕ್ಕಿನ ಪಟ್ಟಿಯನ್ನು ಎಳೆದು ಹಿಡಿಯುವುದರಿಂದ ಕಾರು ಹಾರುವುದಿಲ್ಲ, ಈ ಹಳೆಯದಕ್ಕೆ ಅದಿಲ್ಲ ಅಂತ ಹೇಳಿದೆ. "ಅಷ್ಟ ಹೌದಿಲ್ಲೋ? ನಾಳೆ ಹಚ್ಚೋಣಂತ" ಅಂದರು.

ಮರುದಿನ ಕೆಟ್ಟ ಹಾರ್ಡ್ ಡಿಸ್ಕ್ ಒಂದನ್ನು ತಂದು ಬಿಚ್ಚಿದರು. ಅದರೊಳಗಿನ ಬಾಗಿದ ಮ್ಯಾಗ್ನೆಟ್ ನಿಯೋಡಿಮಿಯಮ್ಮಿನದು, ಸ್ಪೀಕರಿನ ಕರಿ ಮ್ಯಾಗ್ನೆಟ್ಟಿಗಿಂತ ಎಷ್ಟೋ ಪಾಲು ಜೋರು. ಕಾರಿನ ತಳಕ್ಕೆ ಅಂಟಿಸಿ ಟ್ರ್ಯಾಕಿಗೆ ಇಟ್ಟೆವು. ಟಪ್ ಅಂತ ಕಚ್ಚಿಕೊಂಡಿತು. ತಳದ ಪ್ಲಾಸ್ಟಿಕ್ ಬಾಗಿ ಮ್ಯಾಗ್ನೆಟ್ ಎರಡೂ ಪಟ್ಟಿಗೆ ತಾಗಿತು. ಅದರ ಮೈಮೇಲೆ ನಿಕಲ್ ಲೇಪ ಇರುತ್ತದಲ್ವಾ, ಕರೆಂಟು ಸಲೀಸಾಗಿ ದಾಟುತ್ತದೆ. ಒಂದು ಕಿಡಿ, ಟ್ರಾನ್ಸ್‌ಫಾರ್ಮರ್ ಬಂದ್. ಪುಣ್ಯಕ್ಕೆ ಸುಟ್ಟಿರಲಿಲ್ಲ.

ಕಾಕಾ ನಕ್ಕು ಚೀಲದಿಂದ ಫೀಲರ್ ಗೇಜ್ ತೆಗೆದರು. ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಗೊಂಚಲು ಅದು, ಒಂದೊಂದು ಎಲೆ ಒಂದೊಂದು ದಪ್ಪ. "ಮ್ಯಾಗ್ನೆಟ್ ದೊಡ್ಡದೋ ಸಣ್ಣದೋ ಆಮ್ಯಾಲ ತಮ್ಮಾ. ಮೊದಲ ಸಂದು ನೋಡು" ಅಂದರು. ಮ್ಯಾಗ್ನೆಟ್ಟಿಗೂ ಪಟ್ಟಿಗೂ ನಡುವಿನ ಸಂದು ಒಂದು ಕೂದಲೆಳೆ ಕಡಿಮೆಯಾದರೂ ಎಳೆತ ಏಕದಂ ಏರುತ್ತದೆ. ಆದ್ದರಿಂದ ದೊಡ್ಡ ಮ್ಯಾಗ್ನೆಟ್ ಬೇಡ, ಸಣ್ಣದನ್ನು ಸರಿಯಾದ ಎತ್ತರಕ್ಕೆ ಕೂರಿಸಿದರೆ ಸಾಕು.

ಹಳೇ ಮೊಬೈಲ್ ಕವರಿನ ಮಡಿಕೆಯಲ್ಲಿ ಅಂಗಿ ಗುಂಡಿಯಂಥ ಎರಡು ಮ್ಯಾಗ್ನೆಟ್ ಸಿಕ್ಕವು. ಹಿಂದಿನ ಅಚ್ಚಿನ ಸ್ವಲ್ಪ ಮುಂದೆ, ಪಟ್ಟಿಗೊಂದರಂತೆ, ಎರಡೂ ಬದಿ ಅಂಟುವ ಟೇಪಿನಲ್ಲಿ ಅಂಟಿಸಿದೆವು. ಗಮ್ ಬೇಡ ಅಂತ ನಾನೇ ಹಟ ಹಿಡಿದೆ. ಅರವತ್ತು ವರ್ಷದ ಕಾರಿನ ತಳ ಹಾಳು ಮಾಡಿದರೆ ಆಮೇಲೆ ಯಾರೂ ಮೂಸಿ ನೋಡುವುದಿಲ್ಲ. ಮ್ಯಾಗ್ನೆಟ್ಟಿನ ಮೇಲೆ ಇನ್ನೊಂದು ಪದರ ಟೇಪ್, ಪಟ್ಟಿಗೆ ತಾಗಿದರೂ ಶಾರ್ಟ್ ಆಗದಿರಲಿ ಅಂತ. ಸಂದು ಮುಕ್ಕಾಲು ಮಿಲಿಮೀಟರ್.

ಎಳೆತ ಎಷ್ಟು ಅಂತ ಅಳೆದದ್ದು ಅಡುಗೆಮನೆಯ ತಕ್ಕಡಿಯಲ್ಲಿ. "ಅದರ ತಟ್ಟಿ ಕಬ್ಬಿಣದ್ದಿದ್ರ ಲೆಕ್ಕ ತಪ್ಪತೈತಿ" ಅಂದ ಕಾಕಾ, ಮೊದಲು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬೋರಲಿಟ್ಟರು. ಅದರ ಮೇಲೆ ಟ್ರ್ಯಾಕಿನ ತುಂಡು, ಎರಡೂ ತುದಿಗೆ ಬೇಳೆ ಪಾಕೀಟು. ತಕ್ಕಡಿಯನ್ನು ಸೊನ್ನೆಗೆ ತಂದು, ಕಾರು ಇಟ್ಟು, ಮೆಲ್ಲಗೆ ಮೇಲೆತ್ತಿದೆವು. ಅಂಕಿ ಸೊನ್ನೆ ದಾಟಿ ಕೆಳಗಿಳಿಯಿತು. ಕಾರು ಪಟ್ಟಿ ಬಿಡುವ ಗಳಿಗೆಗೆ ಮೈನಸ್ 110 ಗ್ರಾಂ. ಓಡಿಸಿದರೆ ತಿರುವಿನಲ್ಲಿ ಅಲ್ಲಾಡುವುದೇ ಇಲ್ಲ, ರೈಲು ಹೋದ ಹಾಗೆ. ಮೋಟಾರು ಬಿಸಿ ಬೇರೆ. ಸಂದು ಹೆಚ್ಚಿಸಿ 60ಕ್ಕೆ ಇಳಿಸಿದೆವು. ಈಗ ಬಾಲ ಸ್ವಲ್ಪ ಜಾರುತ್ತದೆ, ಆದರೆ ಹಾರುವುದಿಲ್ಲ. ನನ್ನ ಕೇಳಿದರೆ ಅಷ್ಟೇ ಸಾಕು. ಬಾಲ ಜಾರದ ಕಾರು ಓಡಿಸಿ ಏನು ಮಾಡುವುದು? ಗಟ್ಟಿಯಾಗಿದ್ದ ಹಳೇ ಟಯರನ್ನೂ ಕಾಕಾ ಎಮರಿ ಕಾಗದದಲ್ಲಿ ತಿಕ್ಕಿ ಸರಿ ಮಾಡಿದರು.

ಉಳಿದ ಮ್ಯಾಗ್ನೆಟ್ಟುಗಳನ್ನು ಎಣಿಸಿ ಬೀಗದ ಡಬ್ಬಿಗೆ ಹಾಕಿದೆ. ಮನೆಯಲ್ಲಿ ಎರಡು ವರ್ಷದ ಕೂಸಿದೆ. ಎರಡು ನುಂಗಿದರೆ ಕರುಳನ್ನು ನಡುವೆ ಹಿಡಿದು ಅಂಟಿಕೊಳ್ಳುತ್ತವೆ, ಆಪರೇಷನ್‌ವರೆಗೂ ಹೋಗಬಹುದು. ಇದರಲ್ಲಿ ಸಲಿಗೆ ಬೇಡ.

ವಿಸರ್ಜನೆ ದಿನದವರೆಗೂ ಪಡಸಾಲೆಯಲ್ಲಿ ರೇಸು. ಕಾಕಾ ಯಾರಿಗೂ ಗೆಲ್ಲಲು ಬಿಡಲಿಲ್ಲ.

ಒಂದು ಕಾರನ್ನು ಮಕ್ಕಳಿಗೆ ಬಿಟ್ಟು, ಇನ್ನೊಂದನ್ನು ಪೋರ್ಟ್ಸ್‌ಮತ್‌ಗೆ ವಾಪಸ್ ತಂದೆ. ಪಕ್ಕದ ಮನೆ ಅಜ್ಜನ ಗ್ಯಾರೇಜಿನಲ್ಲಿ ಮರದ ಟ್ರ್ಯಾಕ್ ಇದೆ, ಸ್ವಂತ ಕೈಯಿಂದ ಮಾಡಿದ್ದು. ಜಂಬದಿಂದ ಹೋಗಿ ಕಾರು ಇಟ್ಟು ಬಟನ್ ಒತ್ತಿದೆ. ಮೊದಲ ತಿರುವಿಗೇ ಗೋಡೆಗೆ ಬಡಿಯಿತು. ಅಜ್ಜ ಕಾರು ಎತ್ತಿ ತಳ ನೋಡಿ, ಏನೂ ಮಾತಾಡದೆ ಟ್ರ್ಯಾಕಿನ ಪಟ್ಟಿ ತೋರಿಸಿದರು. ಅದು ತಾಮ್ರದ ಟೇಪು.

ರಾತ್ರಿ ಫೋನಿನಲ್ಲಿ ಹೇಳಿದರೆ ಕಾಕಾ ಹೊಟ್ಟೆ ಹಿಡಿದು ನಕ್ಕರು. "ತಾಮ್ರಕ್ಕ ಮ್ಯಾಗ್ನೆಟ್ ಹಿಡೀತೈತೇನೋ ಹುಚ್ಚಾ? ಅದನ್ನ ಕಿತ್ತು ತಳಕ್ಕ ಸೀಸದ ಚೂರು ಹಚ್ಚು. ಎಷ್ಟ್ ಕೆಳಗ ಆಕ್ಕೈತೋ ಅಷ್ಟ್ ಕೆಳಗ. ಮತ್ತ ಅಜ್ಜಾರ್ನ ಕೇಳು, ಟ್ರ್ಯಾಕ್ ಎಷ್ಟ್ ಫೂಟ್ ಐತಿ?"