ಕಾಲುಚೀಲದೊಳಗಿನ ಬಜರ್

ಭೌತಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಬ್ಯಾಚಿನವರೆಲ್ಲ ಮೊದಲು ನೆನೆದದ್ದು ಅವರ ಹಳೇ ಕಾಲುಚೀಲವನ್ನು. ಸದ್ದು ಮಾಡುವ ವಸ್ತು ನಮ್ಮತ್ತ ಬರುವಾಗ ಸ್ವರ ಏರಿ, ದೂರ ಹೋಗುವಾಗ ಇಳಿಯುವ ಡಾಪ್ಲರ್ ಪರಿಣಾಮವನ್ನು ಅವರು ತೋರಿಸುತ್ತಿದ್ದದ್ದು ಅದರಲ್ಲೇ.

ಅದರೊಳಗೆ 9 ವೋಲ್ಟಿನ ಬ್ಯಾಟರಿ, ಬಿಡದೆ ಕಿರ್ರೆನ್ನುವ 3,000 ಹರ್ಟ್ಸ್ ಆವರ್ತನದ (ಅಂದರೆ ಸೆಕೆಂಡಿಗೆ 3,000 ಕಂಪನದ) ಬಜರ್. ತಂತಿ ಕಿತ್ತುಬರದಂತೆ ಸುತ್ತ ಸ್ಪಂಜು. ಬಾಯಿಗೆ ಬಿಗಿದ ಒಂದು ಮೀಟರ್ ನೈಲಾನ್ ಹುರಿ. ತಲೆಯ ಮೇಲೆ ಸೆಕೆಂಡಿಗೆ ಎರಡು ಸುತ್ತು ಬೀಸಿದರೆ ವೇಗ ಸೆಕೆಂಡಿಗೆ ಹನ್ನೆರಡೂವರೆ ಮೀಟರ್. ದೂರ ನಿಂತವರಿಗೆ ದನಿ ಸುಮಾರು 3,115ಕ್ಕೆ ಏರಿ 2,890ಕ್ಕೆ ಇಳಿಯುತ್ತದೆ. ಬೀಸುವವನಿಗೆ ಮಾತ್ರ ಏನೂ ಇಲ್ಲ. ಅವನಿಗೂ ಬಜರ್‌ಗೂ ನಡುವಿನ ದೂರ ಬದಲಾಗುವುದೇ ಇಲ್ಲವಲ್ಲ. "ಏನೂ ಆಗ್ತಿಲ್ಲ ಸಾರ್" ಅಂದವನ ಕೈಯಿಂದ ಹುರಿ ಇಸಿದುಕೊಂಡು, "ಹೋಗಿ ಆ ಬೇವಿನಮರದ ಹತ್ರ ನಿಂತ್ಕೊಳೋ" ಎನ್ನುತ್ತಿದ್ದರು. ಕೋಣೆಯೊಳಗೆ ಬೀಸಲು ಬಿಡುತ್ತಿರಲಿಲ್ಲ. ಗೋಡೆಗೆ ಬಡಿದು ಮರಳುವ ದನಿ ಏರಿದ್ದನ್ನೂ ಇಳಿದದ್ದನ್ನೂ ಕಲಸಿಬಿಡುತ್ತದೆ.

ಕೊನೇ ಬೆಂಚಿನವರು ಒಮ್ಮೆ ಬಜರ್ ತೆಗೆದು ಸಿನಿಮಾ ಹಾಡು ನುಡಿಯುವ ಕಾರಿನ ರಿವರ್ಸ್ ಹಾರ್ನ್ ತುರುಕಿದ್ದರು. ಬ್ಯಾಟರಿ ಸಾಲದೆ ಅದು ಗೊಗ್ಗರು ದನಿಯಲ್ಲಿ ಹಾಡಿತು. ಮೇಷ್ಟ್ರು ಬೈಯಲಿಲ್ಲ. "ಸ್ವರ ತಾನೇ ಏರಿಳೀತಿದ್ರೆ ಹಾಡು ಯಾವ್ದು, ಡಾಪ್ಲರ್ ಯಾವ್ದು ಹೇಳ್ರಯ್ಯ?"

ಆಸ್ಟ್ರಿಯಾದ ಭೌತವಿಜ್ಞಾನಿ ಡಾಪ್ಲರ್ 1842ರಲ್ಲಿ ಹೇಳಿದ್ದನ್ನು 1845ರಲ್ಲಿ ಹಾಲೆಂಡಿನ ವಿಜ್ಞಾನಿ ಬೈಸ್ ಬಲ್ಲಟ್ ರೈಲಿನಲ್ಲಿ ಕಹಳೆಯವರನ್ನು ಕೂರಿಸಿ, ಹಳಿಯ ಪಕ್ಕ ಸ್ವರಜ್ಞಾನವಿದ್ದವರನ್ನು ನಿಲ್ಲಿಸಿ ಪರೀಕ್ಷಿಸಿದ. ಮೇಷ್ಟ್ರ ಲೆಕ್ಕ ಇನ್ನೂ ಸೊಗಸು. ರೈಲಿನ ವೇಗ ಗಂಟೆಗೆ 72 ಕಿ.ಮೀ. ಎನ್ನಿ, ಅಂದರೆ ಸೆಕೆಂಡಿಗೆ 20 ಮೀಟರ್. ಶಬ್ದದ ವೇಗ 340. ಬರುವಾಗಿನ ಆವರ್ತನವನ್ನು ಹೋಗುವಾಗಿನದರಿಂದ ಭಾಗಿಸಿದರೆ 360/320, ಅಂದರೆ 9/8. ಷಡ್ಜಕ್ಕೂ ಚತುಶ್ರುತಿ ರಿಷಭಕ್ಕೂ ಇರುವ ಅಂತರ! ಸೀಟಿ ಹೊಡೆಯುತ್ತಾ ಹಾದುಹೋಗುವ ರೈಲು 'ರಿ'ಯಿಂದ 'ಸ'ಗೆ ಇಳಿಯುತ್ತದೆ.

ಹತ್ತಿರ ಬಂದಂತೆಲ್ಲ ಸ್ವರ ಏರುತ್ತಲೇ ಹೋಗುತ್ತದೆ ಎಂದು ಬರೆದವರಿಗೆ ಸೊನ್ನೆ. ಜೋರಾಗುತ್ತಾ ಹೋಗುವುದು ಸದ್ದು. ಸ್ವರ ಮೊದಲೇ ಏರಿ ನಿಂತಿರುತ್ತದೆ, ಎದುರು ಹಾಯುವಾಗ ಇಳಿಯುತ್ತದೆ. ಹಳಿಗೆ ಹತ್ತಿರ ನಿಂತರೆ ಥಟ್ಟನೆ, ದೂರದ ಗದ್ದೆಯಲ್ಲಿ ನಿಂತರೆ ಜಾರಿದಂತೆ.

ಈಗ ಎನ್‌ಸಿಇಆರ್‌ಟಿಯ 11ನೇ ತರಗತಿಯ ಪುಸ್ತಕದಿಂದ ಡಾಪ್ಲರ್ ಪರಿಣಾಮವನ್ನೇ ಕೈಬಿಟ್ಟಿದ್ದಾರೆ. ಮಕ್ಕಳ ಹೊರೆ ಇಳಿಸಲಂತೆ. ಒಂದು ಕಾಲುಚೀಲದ ಹೊರೆ!

ಸೀಟಿ ಕೇಳಿ ರೈಲಿನ ವೇಗ ಹೇಳುವ ಜಂಬ ನಮ್ಮ ಬ್ಯಾಚಿಗೆ ಇನ್ನೂ ಹೋಗಿಲ್ಲ. ಮೇಷ್ಟ್ರಿದ್ದಿದ್ದರೆ "ಸೆಕೆ ಎಷ್ಟಿದೆ ಇವತ್ತು?" ಎಂದು ಕೇಳುತ್ತಿದ್ದರು. 30 ಡಿಗ್ರಿಯಲ್ಲಿ ಶಬ್ದದ ವೇಗ 340 ಅಲ್ಲ, 349.