ಕಾಡಿಗೆಯ ಬಾಲ

ಬೇಟೆಯ ಋತುವಿಗೆ ಇನ್ನು ಐದು ವಾರವಿತ್ತು. ಕಾಲ ಬಳಿ ಬಂದು ಅಂಗಾತ ಉರುಳಿದ ನನ್ನ ನಾಯಿ ಕಾಡಿಗೆಯ ಮೈ ಸವರಲು ಹೋದರೆ ಕೈಗೆ ಪಕ್ಕೆಲುಬು ಸಿಗಲಿಲ್ಲ. ಸ್ವಲ್ಪ ಒತ್ತಿ ಹುಡುಕಿದೆ. ದಿಂಬಿನೊಳಗೆ ಯಾರೋ ಬಚ್ಚಿಟ್ಟ ಪೆನ್ಸಿಲುಗಳ ಹಾಗೆ ಎಲ್ಲೋ ಆಳದಲ್ಲಿದ್ದವು.

ನಾಯಿ ಸಾಕಿದವರ ಬಳಿ ಒಂದು ಸುಲಭದ ಅಳತೆ ಇದೆ. ಬೆರಳು ಚಾಚಿದ ಹಿಂಗೈ ಮೇಲೆ ಇನ್ನೊಂದು ಕೈಯಾಡಿಸಿದರೆ ಮೂಳೆ ಹೇಗೆ ತಾಕುತ್ತದೆಯೋ ನಾಯಿಯ ಪಕ್ಕೆಯೂ ಹಾಗೆ ತಾಕಬೇಕು. ಮುಷ್ಟಿ ಬಿಗಿದ ಗೆಣ್ಣಿನಂತಿದ್ದರೆ ನಾಯಿ ಬಡಕಲು, ಅಂಗೈಯಂತೆ ಮೆತ್ತಗಿದ್ದರೆ ಕೊಬ್ಬು. ಕಾಡಿಗೆಯದು ಅಂಗೈಯನ್ನೂ ಮೀರಿತ್ತು. ಅವಳನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನನ್ನ ತೂಕ ಕಳೆದು ನೋಡಿದೆ: 34 ಕಿಲೋ. ಕಳೆದ ಋತು ಮುಗಿದಾಗ 29 ಇದ್ದಳು. (ನನ್ನ ತೂಕವೂ ಅಂದೇ ಬಯಲಾಯಿತು; ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.)

ಕಾಡಿಗೆ ಆರು ವರ್ಷದ ಕಪ್ಪು ಲ್ಯಾಬ್ರಡಾರ್. ಬಣ್ಣ ನೋಡಿ ಇಟ್ಟ ಹೆಸರು. ಆದರೆ ನಾನು ಬೂಟು ಹಾಕಿಕೊಂಡು ಆ ಹೆಸರು ಕರೆದಾಗಲೆಲ್ಲ ಅದು ಹೊರಡುವ ದಿಕ್ಕನ್ನೂ ಹೇಳುವುದರಿಂದ, ಅವಳಿಗೆ ಎರಡೂ ಒಂದೇ ಆಗಿಬಿಟ್ಟಿದೆ. ನೀರಿಗೆ ಬಿದ್ದ ಬಾತನ್ನು ಹಲ್ಲು ತಾಗಿಸದೆ ಕಚ್ಚಿ ತಂದು ಕೈಗಿಡುವುದು ಅವಳ ಕೆಲಸ. ಕೆಲಸವಿಲ್ಲದ ತಿಂಗಳುಗಳಲ್ಲಿ ಸೋಫಾ ಕಾಯುತ್ತಾಳೆ. ಕೆಲಸದ ದಿನಗಳ ಊಟದ ಅಳತೆಯನ್ನೇ ನಾನು ಆಗಲೂ ಮುಂದುವರಿಸಿದ್ದೆ. ತಪ್ಪು ಅಲ್ಲಿಂದ ಶುರುವಾಯಿತು.

ಎರಡನೆಯ ತಪ್ಪು ಅವಸರದ್ದು. ತಿಂಗಳುಗಟ್ಟಲೆ ಸೇರಿದ ಐದು ಕಿಲೋವನ್ನು ವಾರಗಳಲ್ಲಿ ಇಳಿಸಲು ಹೊರಟೆ. ಮೊದಲ ಭಾನುವಾರವೇ ಕೆರೆಗೆ ಕರೆದೊಯ್ದೆ. ಈಜಿದರೆ ಕೀಲುಗಳ ಮೇಲೆ ಭಾರ ಬೀಳುವುದಿಲ್ಲ, ದಪ್ಪ ನಾಯಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ ಎಂಬ ಅರ್ಧ ಜ್ಞಾನ ನನ್ನದು. ಹಕ್ಕಿಯ ಬದಲಿಗೆ ಎಸೆಯುವ ಕ್ಯಾನ್ವಾಸಿನ ಉರುಳೆಯನ್ನು ನಾವು ಡಮ್ಮಿ ಎನ್ನುತ್ತೇವೆ. ಹತ್ತು ಸಲ ಎಸೆದು ನಿಲ್ಲಿಸುವ ಯೋಚನೆಯಿತ್ತು. ಹತ್ತನೆಯದನ್ನು ಕೈಗಿಟ್ಟು, ಮೈ ಕೊಡವಿ, ಮತ್ತೆ ನೀರಿನ ಕಡೆ ಮುಖ ಮಾಡಿ ಕುಳಿತಳು. ಹನ್ನೊಂದು ಎಸೆದೆ. ನೀರು ತಣ್ಣಗಿತ್ತು, ನನ್ನ ಬೆರಳುಗಳೇ ಮರಗಟ್ಟಿದ್ದವು. ನಲವತ್ತರ ಆಸುಪಾಸಿನಲ್ಲಿ ನನ್ನ ತೋಳು ಸೋತಿತು. ಅವಳು ಇನ್ನೂ ನೀರನ್ನೇ ನೋಡುತ್ತಿದ್ದಳು. ಸಾಕು ಎಂಬ ಪದ ಕಾಡಿಗೆಗೆ ಗೊತ್ತಿಲ್ಲ, ಊಟದಲ್ಲೂ ಇಲ್ಲ, ಕೆಲಸದಲ್ಲೂ ಇಲ್ಲ. ಹೆಮ್ಮೆಯಿಂದ ಬೆನ್ನು ತಟ್ಟಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಬರಬೇಕಾದ ಸದ್ದು ಬರಲಿಲ್ಲ. ದಿನವೂ ಅವಳ ಬಾಲ ಗೋಡೆಗೆ ಬಡಿಯುವ ಶಬ್ದದಿಂದಲೇ ನಮ್ಮ ಮನೆ ಏಳುವುದು. ಕಾಡಿಗೆ ಎದುರು ನಿಂತಿದ್ದಳು, ಕಣ್ಣಲ್ಲಿ ನಗು ಇತ್ತು, ಸೊಂಟವೂ ಅತ್ತಿತ್ತ ಆಡುತ್ತಿತ್ತು. ಬಾಲ ಮಾತ್ರ ಬುಡದಿಂದ ನಾಲ್ಕು ಬೆರಳಿನಷ್ಟು ಅಡ್ಡಕ್ಕೆ ಚಾಚಿ, ಅಲ್ಲಿಂದ ಮುಂದೆ ಒದ್ದೆ ಹಗ್ಗದಂತೆ ನೇತಾಡುತ್ತಿತ್ತು. ಕೂರು ಎಂದರೆ ಅರ್ಧ ಬಗ್ಗಿ, ಕುಂಯ್‌ಗುಟ್ಟಿ, ಎದ್ದು ನಿಂತಳು. ಬುಡವನ್ನು ಮುಟ್ಟಲು ಹೋದಾಗ ತಿರುಗಿ ನನ್ನ ಕೈಯನ್ನು ಬಾಯಲ್ಲಿ ಹಿಡಿದಳು. ಕಚ್ಚಲಿಲ್ಲ. ಬಾತನ್ನು ಹಿಡಿಯುವಷ್ಟೇ ಮೆಲ್ಲಗೆ ಹಿಡಿದು, ಬೇಡ ಎಂದಳು.

ಕಾರಿನ ಬಾಗಿಲಿಗೆ ಸಿಕ್ಕಿ ಮುರಿದಿರಬೇಕು ಎಂದುಕೊಂಡೆ. ಪಶುವೈದ್ಯೆ ಬೆನ್ನೆಲುಬಿನ ಉದ್ದಕ್ಕೂ ಬೆರಳಾಡಿಸಿ, ಬಾಲದ ಬುಡದಲ್ಲಿ ನಿಲ್ಲಿಸಿ, ಒಂದೇ ಪ್ರಶ್ನೆ ಕೇಳಿದರು: "ನಿನ್ನೆ ಈಜಿದ್ದಾಳೆಯೇ?" ಎಷ್ಟು ಹೊತ್ತು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆನೋ ಏನೋ.

ಮುರಿದಿರಲಿಲ್ಲ. ಈಜುವ ನಾಯಿ ಚುಕ್ಕಾಣಿಯಂತೆ ಬಾಲವನ್ನು ಬಳಸುತ್ತದೆ. ಅಭ್ಯಾಸ ತಪ್ಪಿದ ನಾಯಿ ಒಮ್ಮೆಲೇ, ಅದರಲ್ಲೂ ತಣ್ಣೀರಿನಲ್ಲಿ, ಅತಿಯಾಗಿ ಈಜಿದರೆ ಬುಡದ ಸ್ನಾಯುಗಳಿಗೆ ಪೆಟ್ಟಾಗಿ ಬಾಲ ಹೀಗೆ ಬಿದ್ದುಹೋಗುತ್ತದೆ. ಲ್ಯಾಬ್ರಡಾರ್, ಪಾಯಿಂಟರ್‌ನಂಥ ಕೆಲಸದ ನಾಯಿಗಳಲ್ಲಿ ಇದು ಅಪರೂಪವೇನಲ್ಲವಂತೆ. ಮದ್ದು ವಿಶ್ರಾಂತಿ, ಜೊತೆಗೆ ಉರಿಯೂತ ತಗ್ಗಿಸುವ ನಾಯಿಗಳ ಮಾತ್ರೆ. ಮನೆಯಲ್ಲಿರುವ ನಿಮ್ಮ ನೋವಿನ ಮಾತ್ರೆಯನ್ನು ಅಪ್ಪಿತಪ್ಪಿಯೂ ಕೊಡಬೇಡಿ, ಐಬುಪ್ರೊಫೇನ್ ನಾಯಿಗೆ ವಿಷ ಎಂದು ಎರಡು ಸಲ ಹೇಳಿದರು. ನನ್ನ ಮುಖ ನೋಡಿ ಎರಡನೆಯ ಸಲ ಹೇಳಬೇಕೆನಿಸಿರಬೇಕು.

ಐದು ದಿನ ಮನೆ ಮೂಕವಾಗಿತ್ತು. ಆರನೆಯ ಬೆಳಿಗ್ಗೆ ಗೋಡೆಗೆ ಒಂದು ಸಣ್ಣ ತಟ್ಟು ಕೇಳಿಸಿತು.

ಆಮೇಲೆ ಉಳಿದದ್ದು ನಾಲ್ಕು ವಾರ. ಈ ಸಲ ನಡಿಗೆಯಿಂದ ಆರಂಭಿಸಿದೆ. ಬೆಳಕು ಹರಿಯುವ ಮುನ್ನ ಇಪ್ಪತ್ತು ನಿಮಿಷ, ಒಂದು ದಿನ ಬಿಟ್ಟು ಒಂದು ದಿನ, ಡಮ್ಮಿ ಇಲ್ಲದೆ. ಮುಂದಿನ ವಾರ ನಡುನಡುವೆ ಓಟ. ಊಟದಲ್ಲಿ ಕಾಲುಭಾಗ ಕಡಿತವಾದಾಗ ಅವಳು ಖಾಲಿ ಬಟ್ಟಲನ್ನು ಕಚ್ಚಿ ತಂದು ನನ್ನ ಕೈಗಿಟ್ಟಳು. ನಾನೇ ಕಲಿಸಿದ ವಿದ್ಯೆ, ದೂರುವಂತಿಲ್ಲ. ಹೊಟ್ಟೆ ತುಂಬಿದ ಮೇಲೆ ಓಡಿಸಿದರೆ ಜಠರ ಉಬ್ಬಿ ತಿರುಚಿಕೊಂಡು ಪ್ರಾಣಕ್ಕೇ ಬರುವ ಅಪಾಯವಿರುವುದರಿಂದ, ಊಟವೆಲ್ಲ ವ್ಯಾಯಾಮ ಮುಗಿದು ಏದುಸಿರು ಇಳಿದ ನಂತರವೇ.

ಆ ಏದುಸಿರನ್ನು ಮೊದಲು ನಾನು ಹುಮ್ಮಸ್ಸು ಎಂದು ತಿಳಿಯುತ್ತಿದ್ದೆ. ನಾಯಿ ಬೆವರುವುದು ಅಂಗಾಲಿನಲ್ಲಿ, ಅದೂ ಅಲ್ಪಸ್ವಲ್ಪ. ಮೈಯ ಕಾವು ಇಳಿಯಬೇಕಾದದ್ದು ನಾಲಿಗೆ, ಬಾಯಿಗಳಿಂದ. ಬಾಯಿ ತೆರೆದು ಏದುತ್ತಿರುವ ನಾಯಿಗೆ ಸರಿಯಾಗಿ ಮೂಸಲು ಆಗುವುದಿಲ್ಲ. ಎರಡನೆಯ ವಾರ ಪೊದೆಯ ಹಿಂದೆ ಅಡಗಿಸಿದ ಡಮ್ಮಿಯ ಪಕ್ಕದಲ್ಲೇ ಎರಡು ಸಲ ಹಾದು ಹೋದಳು. ಮೂಗು ಮಂಕಾಗಿದೆ, ವಯಸ್ಸಾಯಿತು ಎಂದು ಬೇಸರಪಟ್ಟೆ. ನೆರಳಲ್ಲಿ ಹತ್ತು ನಿಮಿಷ ಕೂರಿಸಿ, ನೀರು ಕುಡಿಸಿ, ಬಾಯಿ ಮುಚ್ಚಿದ ಮೇಲೆ ಬಿಟ್ಟರೆ ನೇರವಾಗಿ ಹೋಗಿ ಎತ್ತಿಕೊಂಡು ಬಂದಳು. ಕೆಟ್ಟಿದ್ದು ಮೂಗಲ್ಲ.

ಅಂಗಾಲಿನ ಮೆತ್ತೆಗಳೂ ಸೋಫಾದ ಮೇಲೆ ಎಳೆಮಗುವಿನ ಪಾದದಂತಾಗಿದ್ದವು. ಅವು ಗಟ್ಟಿಯಾಗಲು ಒರಟು ನೆಲದಲ್ಲಿ ದಿನಕ್ಕಿಷ್ಟು ನಡೆಯುವುದೇ ದಾರಿ. ಪ್ರತಿ ಸಂಜೆ ಅವಳನ್ನು ಮಲಗಿಸಿ ಬೆರಳ ಸಂದು, ಕಿವಿ, ಕಂಕುಳು ಬಿಡಿಸಿ ನೋಡುವುದು ರೂಢಿಯಾಯಿತು. ರಕ್ತ ಹೀರುವ ಉಣ್ಣೆ ಹುಳುವಿಗಿಂತ ನನಗೆ ಹೆಚ್ಚು ಭಯ ಹುಲ್ಲಿನ ಚೂಪು ಬೀಜದ್ದು. ಉಣ್ಣೆ ಕಚ್ಚಿದ ಜಾಗದಲ್ಲಾದರೂ ಇರುತ್ತದೆ. ಹುಲ್ಲಿನ ಬೀಜ ಮುಳ್ಳು ಹಿಂದಕ್ಕೆ ಮಾಡಿ ಚರ್ಮದೊಳಗೆ ಮುಂದಕ್ಕೇ ಸಾಗುತ್ತದೆ. ಈ ತಪಾಸಣೆ ಅವಳಿಗೆ ಬಲು ಇಷ್ಟ, ಮುಗಿಯುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಋತುವಿನ ಹಿಂದಿನ ರಾತ್ರಿ ತೂಗಿದಾಗ 31. ಹಿಂಗೈಯಲ್ಲ, ಅಂಗೈಯೂ ಅಲ್ಲ, ನಡುವೆ ಎಲ್ಲೋ. ಮೊದಲ ದಿನ ತಪ್ಪಿಸಬೇಕೆಂದು ಒಂದು ಮನಸ್ಸಿತ್ತು. ಬೂಟು ನೋಡಿ ಅವಳು ಬಾಗಿಲ ಬಳಿ ಕುಳಿತ ಮೇಲೆ ಆ ಮನಸ್ಸು ನಿಲ್ಲಲಿಲ್ಲ. ಎರಡು ಗಂಟೆ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ ಎಂದು ನನಗೇ ಷರತ್ತು ಹಾಕಿಕೊಂಡೆ.

ಮೂರನೆಯ ಬಾತನ್ನು ಕೈಗಿಟ್ಟು ಮೈ ಕೊಡವಿ, ಮತ್ತೆ ನೀರಿನ ಕಡೆ ಮುಖ ಮಾಡಿ ಕುಳಿತಳು. ಬಾನಿನಲ್ಲಿ ಇನ್ನೊಂದು ಹಿಂಡು ಇಳಿಯುತ್ತಿತ್ತು. ನಾನು ಗಡಿಯಾರ ನೋಡಿ, ಬಂದೂಕಿನಿಂದ ಗುಂಡು ತೆಗೆದು, ಟವೆಲ್ಲಿನಿಂದ ಅವಳ ಬಾಲದ ಬುಡವನ್ನು ಚೆನ್ನಾಗಿ ಒರೆಸಿದೆ. ಕಾರಿನಲ್ಲಿ ಕಾಡಿಗೆ ನನಗೆ ಬೆನ್ನು ಹಾಕಿ, ಹಿಂದಿನ ಗಾಜಿನಿಂದ ಕೆರೆಯನ್ನೇ ನೋಡುತ್ತ ಕುಳಿತಳು. ಹೆಸರು ಹಿಡಿದು ಎಷ್ಟು ಕರೆದರೂ ಮನೆ ಬರುವ ತನಕ ಬಾಲ ಅಲ್ಲಾಡಿಸಲಿಲ್ಲ. ಈ ಸಲ ಅದಕ್ಕೆ ಕಾರಣ ಸ್ನಾಯು ಅಲ್ಲ.